ಲಸಿಕೆ, ಕಳಂಕ ಮತ್ತು ಮಾತಿನ ಚೌಕಟ್ಟು

ರೋಗ ಮತ್ತು ಲಸಿಕೆಯ ಬಗ್ಗೆ ಜನರ ಅಭಿಪ್ರಾಯ ಹುಟ್ಟುವುದು ಬರಿಯ ಸಂಗತಿಗಳಿಂದಲ್ಲ. ಆ ಸಂಗತಿಗಳನ್ನು ಯಾವ ಚೌಕಟ್ಟಿನಲ್ಲಿ ಇಟ್ಟು ಹೇಳಿದರು ಎಂಬುದರಿಂದಲೂ ಹುಟ್ಟುತ್ತದೆ. ಇದನ್ನು ಪ್ರಯೋಗದ ಮೂಲಕ ತೋರಿಸಿದವರು ಮನೋವಿಜ್ಞಾನಿಗಳಾದ ಏಮೋಸ್ ಟ್ವರ್‌ಸ್ಕಿ ಮತ್ತು ಡೇನಿಯಲ್ ಕಾನ್‌ಮನ್. 1981ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 600 ಜನರನ್ನು ಕೊಲ್ಲಬಹುದಾದ ಒಂದು ಕಲ್ಪಿತ ರೋಗವಿತ್ತು, ಅದನ್ನು ಎದುರಿಸಲು ಎರಡು ಯೋಜನೆಗಳಿದ್ದವು. ಮೊದಲನೆಯದರಿಂದ 200 ಜನ ಖಂಡಿತ ಉಳಿಯುತ್ತಾರೆ. ಎರಡನೆಯದರಲ್ಲಿ ಎಲ್ಲರೂ ಉಳಿಯುವ ಸಾಧ್ಯತೆ ಮೂರರಲ್ಲಿ ಒಂದು ಪಾಲು, ಯಾರೂ ಉಳಿಯದಿರುವ ಸಾಧ್ಯತೆ ಎರಡು ಪಾಲು. ನೂರಕ್ಕೆ 72 ಮಂದಿ ಖಂಡಿತವಾದುದನ್ನೇ ಆರಿಸಿಕೊಂಡರು. ಇನ್ನೊಂದು ಗುಂಪಿಗೆ ಅದೇ ಲೆಕ್ಕವನ್ನು ಸಾವಿನ ಕಡೆಯಿಂದ ಹೇಳಲಾಯಿತು: ಮೊದಲ ಯೋಜನೆಯಲ್ಲಿ 400 ಜನ ಸಾಯುತ್ತಾರೆ. ಈಗ ನೂರಕ್ಕೆ 78 ಮಂದಿ ಅದನ್ನು ಬಿಟ್ಟು, ಏನಾದರಾಗಲಿ ಎಂದು ಎರಡನೆಯದನ್ನು ಹಿಡಿದರು. ಲೆಕ್ಕ ಒಂದಿಷ್ಟೂ ಬದಲಾಗಿರಲಿಲ್ಲ. ಮರುವರ್ಷ ಬಂದ ಮತ್ತೊಂದು ಅಧ್ಯಯನ, ಶ್ವಾಸಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯೋ ವಿಕಿರಣವೋ ಎಂಬ ಪ್ರಶ್ನೆಯಲ್ಲಿ ವೈದ್ಯರೂ ಹೀಗೆಯೇ ವಾಲುತ್ತಾರೆ ಎಂದು ತೋರಿಸಿತು. ಆದ್ದರಿಂದ ಇದು ಓದುಬರಹ ಇಲ್ಲದವರ ದೌರ್ಬಲ್ಯವೆಂದು ತಳ್ಳಿಹಾಕುವಂತಿಲ್ಲ.

ಈ ಪ್ರಯೋಗದಲ್ಲಿ ಹೇಳುವ ರೀತಿ ಮಾತ್ರ ಬೇರೆಯಾಗಿತ್ತು. ಸಮಾಜದಲ್ಲಿ ಹೆಚ್ಚು ಕೆಲಸ ಮಾಡುವುದು ಎರಡನೆಯ ಬಗೆಯ ಚೌಕಟ್ಟು: ಹತ್ತು ನಿಜಗಳಲ್ಲಿ ಯಾವ ಎರಡನ್ನು ಎತ್ತಿ ಹೇಳುವುದು, ಯಾವ ಎಂಟನ್ನು ಬಿಡುವುದು ಎಂಬ ಆಯ್ಕೆ. ಲಸಿಕೆಯನ್ನು ಮಗುವಿನ ರಕ್ಷಣೆ ಎನ್ನಬಹುದು, ಊರಿನ ಋಣ ಎನ್ನಬಹುದು, ಸರ್ಕಾರದ ಬಲವಂತ ಎನ್ನಬಹುದು. ಲಸಿಕೆ ಪಡೆಯದವನನ್ನು ಹಟಮಾರಿ ಎನ್ನಬಹುದು, ಹೆದರಿದವನು ಎನ್ನಬಹುದು, ಲಸಿಕೆ ಎಟುಕದವನು ಎಂದೂ ಹೇಳಬಹುದು. ಪ್ರತಿಯೊಂದರಲ್ಲೂ ಸ್ವಲ್ಪ ಸತ್ಯ ಇರಬಹುದು. ಆದರೆ ಯಾವುದನ್ನು ಆರಿಸಿಕೊಂಡೆವೋ ಅದರ ಬೆನ್ನಿಗೇ ಒಂದು ತೀರ್ಪೂ ಬರುತ್ತದೆ. ಹಟಮಾರಿಗೆ ಶಿಕ್ಷೆ, ಹೆದರಿದವನಿಗೆ ಸಮಾಧಾನ, ಎಟುಕದವನಿಗೆ ವಾಹನ. ರೋಗದ ಮಾತು ತಾರತಮ್ಯದ ಮಾತಾಗಿ ತಿರುಗುವುದು ಈ ಆಯ್ಕೆಯಲ್ಲಿಯೇ.

ಚೌಕಟ್ಟೇ ಇಲ್ಲದೆ ಮಾತಾಡಲು ಸಾಧ್ಯವೆ? ಹಾಸನ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಂದ್ರಗಿರಿಯ ಮೇಲೆ, 1129ರ ಮಲ್ಲಿಷೇಣ ಪ್ರಶಸ್ತಿ ಎಂಬ ಶಾಸನವಿದೆ. ಸಮಂತಭದ್ರ, ಅಕಲಂಕ ಮೊದಲಾದ ಜೈನ ತಾರ್ಕಿಕರನ್ನು ಅದು ಕೊಂಡಾಡುತ್ತದೆ. ಆ ಪರಂಪರೆ ಬೆಳೆಸಿದ ವಿಚಾರವೇ ನಯವಾದ. ವಸ್ತುವಿಗೆ ಅನೇಕ ಮುಖಗಳಿವೆ. ಮಾತಾಡುವವನು ಒಂದು ಉದ್ದೇಶದಿಂದ ಒಂದು ಮುಖವನ್ನು ಹಿಡಿಯುತ್ತಾನೆ. ಆ ಹಿಡಿತವೇ ನಯ. ಹಾಗೆ ಹಿಡಿಯುವುದು ತಪ್ಪಲ್ಲ, ಮನುಷ್ಯನ ಮಾತಿಗೆ ಬೇರೆ ದಾರಿಯೂ ಇಲ್ಲ. ತಪ್ಪಾಗುವುದು ‘ಇದು ಮಾತ್ರವೇ ನಿಜ’ ಎಂದು ಉಳಿದ ಮುಖಗಳನ್ನು ಅಲ್ಲಗಳೆದಾಗ. ಅದನ್ನು ಜೈನ ತರ್ಕ ದುರ್ನಯ ಎನ್ನುತ್ತದೆ. ಏಳು ನಯಗಳಲ್ಲಿ ಎರಡು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಸಂಗ್ರಹನಯ ಬಿಡಿಗಳ ಭೇದವನ್ನು ಬದಿಗಿಟ್ಟು ಸಮೂಹವನ್ನು ನೋಡುತ್ತದೆ. ವ್ಯವಹಾರನಯ ಸಮೂಹವನ್ನು ಬಿಡಿಸಿ ಒಂದೊಂದನ್ನೂ ನೋಡುತ್ತದೆ. ದಡಾರ ಹರಡದಿರಬೇಕಾದರೆ ನೂರಕ್ಕೆ ಸುಮಾರು 95 ಮಕ್ಕಳಿಗೆ ರೋಗನಿರೋಧಕ ಶಕ್ತಿ ಇರಬೇಕು ಎಂಬುದು ಮೊದಲ ದೃಷ್ಟಿ. ಈ ಮಗುವಿಗೆ ನಾಳೆ ಜ್ವರ ಬಂದರೆ ಕೂಲಿಗೆ ಹೋಗುವ ತಾಯಿ ಏನು ಮಾಡಬೇಕು ಎಂಬುದು ಎರಡನೆಯದು. ಲಸಿಕೆಯ ಕುರಿತ ಜಗಳಗಳಲ್ಲಿ ಬಹುಪಾಲು, ಇವೆರಡರಲ್ಲಿ ಒಂದನ್ನು ಹಿಡಿದವರು ಇನ್ನೊಂದನ್ನು ಮೂಢತನ ಅಥವಾ ಕ್ರೌರ್ಯ ಎಂದು ಕರೆಯುವುದರಿಂದ ಎದ್ದವು.

ಸಿಡುಬಿಗೆ ಈ ನಾಡಿನಲ್ಲಿ ಮೊದಲಿದ್ದದ್ದು ಧಾರ್ಮಿಕ ಚೌಕಟ್ಟು. ಮೈಮೇಲೆ ಗುಳ್ಳೆ ಎದ್ದರೆ ‘ಅಮ್ಮ ಆಗಿದೆ’ ಎನ್ನುತ್ತಿದ್ದರು, ಸೀತಾಳೆ ಸಿಡುಬಿಗೆ ಹಳ್ಳಿಗಳಲ್ಲಿ ಈಗಲೂ ಹಾಗೆಯೇ ಅನ್ನುವುದುಂಟು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು, ಒಗ್ಗರಣೆ ಹಾಕಬಾರದು, ಹೊರಗಿನವರು ಒಳಗೆ ಬರಬಾರದು, ವಾಸಿಯಾದ ಮೇಲೆ ಮಾರಮ್ಮನಿಗೆ ಮೊಸರನ್ನ, ತಂಬಿಟ್ಟಿನ ತಂಪು ಎಡೆ. ಈ ನಂಬಿಕೆ ಲಕ್ಷಾಂತರ ಮಕ್ಕಳ ಪ್ರಾಣ ಉಳಿಸಲಿಲ್ಲ, ಕುರುಡುತನ ತಪ್ಪಿಸಲಿಲ್ಲ. ಇದನ್ನು ಮರೆಮಾಚಬಾರದು. ಆದರೂ ಒಂದು ವಿಷಯದಲ್ಲಿ ಅದು ಮುಂದಿನ ಅನೇಕ ವೈಜ್ಞಾನಿಕ ಕ್ರಮಗಳಿಗಿಂತ ಮಾನವೀಯವಾಗಿತ್ತು: ರೋಗಿಯನ್ನು ಅದು ಅಪರಾಧಿ ಮಾಡಲಿಲ್ಲ. ಗುಳ್ಳೆ ಎದ್ದ ಕೂಸು ದೇವಿ ಬಂದಿಳಿದ ಮೈ ಆಗಿತ್ತು. ಆ ಮನೆಯನ್ನು ಊರು ದೂರ ಇಟ್ಟದ್ದು ಹೇಸಿಗೆಯಿಂದಲ್ಲ, ಭಯಭಕ್ತಿಯಿಂದ. ಬೇವಿನ ಸೊಪ್ಪು ಪ್ರತ್ಯೇಕವಾಸದ ಗುರುತೂ ಆಗಿತ್ತು, ಮರ್ಯಾದೆಯ ಗುರುತೂ ಆಗಿತ್ತು.

ಗೋವಿನ ಸಿಡುಬಿನಿಂದ ಪಡೆದ, ಎಡ್ವರ್ಡ್ ಜೆನ್ನರ್‌ನ ಸಿಡುಬು ಲಸಿಕೆ 1802ರ ಜೂನ್‌ನಲ್ಲಿ ಮುಂಬಯಿಗೆ ಮುಟ್ಟಿತು. ಮೂರು ವರ್ಷದ ಒಂದು ಹೆಣ್ಣುಮಗು ಅದನ್ನು ಭಾರತದಲ್ಲಿ ಮೊದಲು ಪಡೆಯಿತು. ಶೈತ್ಯಾಗಾರ ಇಲ್ಲದ ಆ ಕಾಲದಲ್ಲಿ ಲಸಿಕೆಯನ್ನು ಜೀವಂತವಾಗಿ ಸಾಗಿಸಲು ಹೆಚ್ಚು ನೆಚ್ಚಿಕೊಂಡ ದಾರಿ ಇದು: ಒಂದು ಮಗುವಿನ ತೋಳಿನ ಗುಳ್ಳೆಯಿಂದ ದ್ರವ ತೆಗೆದು ಮುಂದಿನ ಮಗುವಿನ ತೋಳಿಗೆ ಹಚ್ಚುವುದು. ಜಾತಿ ಇಲ್ಲಿ ಅಡ್ಡ ಬಂತು. ದ್ರವ ಕೊಡಲು ಸಿಗುತ್ತಿದ್ದವರು ಹೆಚ್ಚಾಗಿ ಬಡ, ಕೆಳಜಾತಿಯ ಮಕ್ಕಳು; ಅವರ ಮೈಯ ದ್ರವ ತಮ್ಮ ಮೈಗೆ ಬೇಡವೆಂದು ಮೇಲುಜಾತಿಯವರು ಹಿಂದೆಗೆದರು. ಕೊಟ್ಟ ಮಕ್ಕಳ ತೋಳಿನ ಗಾಯವನ್ನು ಮತ್ತೆ ಮತ್ತೆ ಕೆದಕಲಾಗುತ್ತಿತ್ತು, ಅವರ ತಂದೆತಾಯಂದಿರೂ ಹೆದರಿದರು. ಲಸಿಕೆಯ ವಿರೋಧ ಎಂದು ದಾಖಲೆಗಳಲ್ಲಿ ಕಾಣುವ ಒಂದೇ ಮಾತಿನಡಿ ಈ ಎರಡು ವಿರೋಧಗಳಿವೆ. ಒಂದು ಮೈಲಿಗೆಯ ಅಹಂಕಾರ, ಇನ್ನೊಂದು ತಮ್ಮ ಮಗುವಿನ ಮೈಯನ್ನು ಪಾತ್ರೆಯಂತೆ ಬಳಸುತ್ತಾರೆಂಬ ನ್ಯಾಯವಾದ ನೋವು. ಎರಡನ್ನೂ ಅಜ್ಞಾನವೆಂಬ ಒಂದೇ ಹೆಸರಿನಲ್ಲಿ ಬರೆದದ್ದು ಅಂದಿನ ಆಡಳಿತದ ಚೌಕಟ್ಟು.

ಮೈಸೂರು ಅರಮನೆಯಲ್ಲಿ ಬೇರೊಂದು ಚೌಕಟ್ಟು ರೂಪುಗೊಂಡಿತು. ಚಿತ್ರಕಾರ ಥಾಮಸ್ ಹಿಕಿ 1805ರಲ್ಲಿ ಬರೆದ, ಮೂವರು ರಾಜಸ್ತ್ರೀಯರ ತೈಲಚಿತ್ರವೊಂದು 2007ರಲ್ಲಿ ಹರಾಜಿಗೆ ಬಂದಾಗ, ಅದರ ಅರ್ಥವನ್ನು ಇತಿಹಾಸಕಾರ ನೈಜಲ್ ಚಾನ್ಸಲರ್ ಬಿಡಿಸಿದರು. ಅವರ ವ್ಯಾಖ್ಯಾನದಂತೆ ಬಲಗಡೆಯ ಯುವತಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣಿ. ಅವಳು ಸೆರಗನ್ನು ಸರಿಸಿ, ಲಸಿಕೆ ಹಾಕಿಸಿಕೊಂಡ ಎಡತೋಳನ್ನು ತೋರಿಸುತ್ತಿದ್ದಾಳೆ. ಎಡಗಡೆಯ ಹಿರಿಯ ರಾಣಿಯ ಮೂಗು, ಬಾಯಿಯ ಸುತ್ತ ಬಣ್ಣ ತಿಳಿಯಾಗಿದೆ. ಅದು ಸಿಡುಬಿನ ಗುಳ್ಳೆಯಿಂದ ತೆಗೆದದ್ದನ್ನೇ ಬಳಸಿ ರೋಗ ತಡೆಯುವ ಹಳೆಯ ಪದ್ಧತಿಯ ಗುರುತು. ಈ ವ್ಯಾಖ್ಯಾನ ಸರಿಯಾದರೆ, ತೆರೆಯ ಹಿಂದೆ ಬದುಕುತ್ತಿದ್ದ ರಾಣಿಯೊಬ್ಬಳ ತೋಳು ಪ್ರಜೆಗಳ ಧೈರ್ಯಕ್ಕಾಗಿ ಬಹಿರಂಗಗೊಂಡಿತು. ರಾಣಿ ಲಸಿಕೆ ಪಡೆದದ್ದು ಕಂಡು ಜನ ಮುಂದೆ ಬಂದರೆಂದು 1806ರ ದಾಖಲೆಯೂ ಹೇಳುತ್ತದೆ. ಇಲ್ಲಿ ಚೌಕಟ್ಟು ಇದೆ, ಸುಳ್ಳು ಇಲ್ಲ. ಮೊದಲು ತಾನು ಹಾಕಿಸಿಕೊಂಡು ಆಮೇಲೆ ಪ್ರಜೆಗಳನ್ನು ಕರೆಯುವುದು ಮನವೊಲಿಕೆಯಲ್ಲಿ ಎಲ್ಲಕ್ಕಿಂತ ಪ್ರಾಮಾಣಿಕವಾದ ಬಗೆ.

ಸುಮಾರು ಅದೇ ಕಾಲದಲ್ಲಿ ಮದರಾಸಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಸಂಸ್ಕೃತ ಬಲ್ಲ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್ ಲಸಿಕೆಯ ಬಗ್ಗೆ ಸಂಸ್ಕೃತದಲ್ಲಿ ಪದ್ಯ ರಚಿಸಿದ. ಅದನ್ನು ಹಳೆಯ ಕಾಗದದ ಮೇಲೆ ಬರೆಸಿ, ಪ್ರಾಚೀನ ಗ್ರಂಥವೊಂದು ಸಿಕ್ಕಿತೆಂದು ಹಬ್ಬಿಸಲಾಯಿತು ಎಂದು ಅಂದಿನ ಬರಹಗಳು ಹೇಳುತ್ತವೆ. ಬ್ರಾಹ್ಮಣರು ಶಾಸ್ತ್ರ ಎಂದರೆ ಒಪ್ಪುತ್ತಾರೆ, ಒಪ್ಪಿದರೆ ಪ್ರಾಣ ಉಳಿಯುತ್ತದೆ ಎಂಬುದು ಲೆಕ್ಕ. ಉದ್ದೇಶ ಒಳ್ಳೆಯದಿತ್ತು. ಆದರೂ ಇದನ್ನು ಸಮರ್ಥಿಸಲಾಗದು. ಕೇಳುವವನ ವಿವೇಕವನ್ನು ಎಚ್ಚರಿಸುವ ಬದಲು ಅವನ ಶ್ರದ್ಧೆಯನ್ನು ಸಾಧನವಾಗಿ ಬಳಸಿಕೊಂಡದ್ದು ಮೊದಲ ತಪ್ಪು. ಎರಡನೆಯದು, ಆ ಸುಳ್ಳಿನ ಫಲ ಇಂದಿಗೂ ಉಳಿದಿದೆ: ಜೆನ್ನರ್‌ಗಿಂತ ಸಾವಿರಾರು ವರ್ಷ ಮೊದಲೇ ಗೋವಿನ ಸಿಡುಬಿನ ಲಸಿಕೆ ಇಲ್ಲಿತ್ತು ಎಂಬ ಮಾತಿಗೆ ಇಂಥ ಕೃತಕ ಪುರಾವೆಗಳೇ ಬೇರು. ಒಳ್ಳೆಯ ಕೆಲಸಕ್ಕೆಂದು ಕಟ್ಟಿದ ಸುಳ್ಳು ಆ ಕೆಲಸ ಮುಗಿದ ಮೇಲೆ ಸುಮ್ಮನಾಗುವುದಿಲ್ಲ.

1898ರಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಬಂದಾಗ ಚೌಕಟ್ಟು ಸಂಪೂರ್ಣ ತಿರುಗಿತು. ಸಿಡುಬಿನಲ್ಲಿ ಮನೆ ದೇವಿಯ ಮನೆಯಾಗಿದ್ದರೆ ಪ್ಲೇಗಿನಲ್ಲಿ ಅದು ಕೆಡವಬೇಕಾದ ಕೊಳಕು ಗೂಡಾಯಿತು. ಮೈಸೂರು ಸಂಸ್ಥಾನ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗು ಕಮಿಷನರರನ್ನಾಗಿ ನೇಮಿಸಿತು. ರೋಗಿಗಳ ಶೋಧ, ಮನೆ ಖಾಲಿ ಮಾಡಿಸುವುದು, ಸೂರು ಕಿತ್ತು ಬಿಸಿಲು ಬೀಳಿಸುವುದು, ಊರ ಹೊರಗಿನ ಶಿಬಿರಗಳು. ಇವುಗಳಿಂದ ಪ್ರಾಣಗಳು ಉಳಿದವು, ಬಸವನಗುಡಿ ಮತ್ತು ಮಲ್ಲೇಶ್ವರದಂಥ ವಿಶಾಲ ಬಡಾವಣೆಗಳು ಬೆಳೆಯಲೂ ಈ ಅನುಭವ ಒತ್ತಾಸೆಯಾಯಿತು. ಆದರೆ ಹೊಡೆತ ಎಲ್ಲರಿಗೂ ಒಂದೇ ಸಮ ಬೀಳಲಿಲ್ಲ. ಇಕ್ಕಟ್ಟಿನ ಓಣಿಯ ಬಡವ ರೋಗದ ಬಲಿಯೂ ಆದ, ರೋಗಕ್ಕೆ ಕಾರಣನೆಂಬ ಆರೋಪಿಯೂ ಆದ. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನ ದಂಗೆ ಎದ್ದರು. ಜನ ತಮ್ಮದೇ ಉತ್ತರವನ್ನೂ ಕಟ್ಟಿಕೊಂಡರು: ಊರೂರಿನಲ್ಲಿ ಪ್ಲೇಗಿನಮ್ಮನ ಗುಡಿಗಳು ಎದ್ದವು. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ರೂಢಿಯಾಯಿತು. ಅಧಿಕಾರಿ ಹೇಳಿದರೆ ಒಪ್ಪದ ಸ್ಥಳಾಂತರವನ್ನು ತಾವೇ ಕಂಡುಕೊಂಡಾಗ ಒಪ್ಪಿದರು.

ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದವರು ಮುಂಬಯಿಯಲ್ಲಿದ್ದ ವಾಲ್ಡೆಮಾರ್ ಹ್ಯಾಫ್‌ಕಿನ್. 1897ರ ಜನವರಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದರು. ಅದೇ ಲಸಿಕೆ 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತಾರತಮ್ಯದ ಆಯುಧವಾಯಿತು. ಹ್ಯಾಫ್‌ಕಿನ್ ಲಸಿಕೆ ಹಾಕಿಸಿಕೊಳ್ಳದ ಚೀನೀಯರು ಊರು ದಾಟುವಂತಿಲ್ಲ ಎಂದು ಆಡಳಿತ ಆದೇಶಿಸಿತು. ಅದೇ ಊರಿನ ಬಿಳಿಯರಿಗೆ ಆ ನಿಯಮ ಇರಲಿಲ್ಲ. ವಾಂಗ್ ವಾಯ್ ಪ್ರಕರಣದಲ್ಲಿ ಫೆಡರಲ್ ನ್ಯಾಯಾಲಯ ಅದನ್ನು ತಡೆಯಿತು. ಪ್ಲೇಗಿಗೆ ಜನಾಂಗ ಗೊತ್ತಿಲ್ಲ, ಆದೇಶಕ್ಕೆ ಗೊತ್ತಿತ್ತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಕಲುಷಿತವಾದ ಒಂದೇ ಸೀಸೆಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತಾಗ, ಯಹೂದಿಯಾದ ಹ್ಯಾಫ್‌ಕಿನ್ ಮೇಲೆಯೇ ದೋಷ ಹೊರಿಸಿ ಅವರನ್ನು ಕೆಲಸದಿಂದ ದೂರ ಇಟ್ಟರು. ಅವರು ನಿರ್ದೋಷಿ ಎಂದು ತೀರ್ಮಾನವಾಗಲು 1907 ಬರಬೇಕಾಯಿತು. ಸೀಸೆಯೊಂದರ ದೋಷವನ್ನು ಲಸಿಕೆಯ ದೋಷವೆಂದೂ, ಲಸಿಕೆಯ ದೋಷವನ್ನು ಹೊರಗಿನವನೊಬ್ಬನ ದೋಷವೆಂದೂ ಹಿಗ್ಗಿಸುವುದು ಎಷ್ಟು ಸುಲಭ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

2020ರ ಕೊರೊನಾ ಕಾಲದಲ್ಲಿ ಈ ಎಲ್ಲ ಹಳೆಯ ಚೌಕಟ್ಟುಗಳೂ ಒಟ್ಟಿಗೆ ಮರಳಿದವು. ಆ ವರ್ಷದ ಏಪ್ರಿಲ್ 5ರಂದು ಕೇಂದ್ರ ಆರೋಗ್ಯ ಸಚಿವಾಲಯ, ಸೋಂಕು 4.1 ದಿನಗಳಲ್ಲಿ ಇಮ್ಮಡಿಯಾಗುತ್ತಿದೆ, ದೆಹಲಿಯಲ್ಲಿ ನಡೆದ ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಸಂಘಟನೆಯ ಸಭೆಗೆ ಸಂಬಂಧಿಸಿದ ಪ್ರಕರಣಗಳು ಇಲ್ಲದಿದ್ದರೆ 7.4 ದಿನ ಹಿಡಿಯುತ್ತಿತ್ತು ಎಂದು ಹೇಳಿತು. ಅಂಕಿ ಸುಳ್ಳೆಂದು ಯಾರೂ ಹೇಳಬೇಕಾಗಿಲ್ಲ. ಆ ಸಭೆಗೆ ಹೋದವರನ್ನು ಹುಡುಕಿ ಹುಡುಕಿ ಪರೀಕ್ಷಿಸಿದ್ದರಿಂದ ಅವರಲ್ಲಿ ಹೆಚ್ಚು ಸೋಂಕು ಸಿಕ್ಕಿತು, ಪರೀಕ್ಷೆಯೇ ಆಗದ ಕಡೆ ಸಿಗಲಿಲ್ಲ ಎಂಬ ಇನ್ನೊಂದು ಮುಖ ಆ ಅಂಕಿಯ ಜೊತೆ ಬರಲಿಲ್ಲ. ಬೇರಾವ ಗುಂಪಿಗೂ ಅಂಥ ಪ್ರತ್ಯೇಕ ಲೆಕ್ಕ ಕೊಡಲಿಲ್ಲ. ಒಂದು ಸಭೆಯ ಅಜಾಗರೂಕತೆ ಕೆಲವೇ ದಿನಗಳಲ್ಲಿ ಒಂದು ಧರ್ಮದ ಸಂಚು ಎಂಬಂತೆ ಫೋನಿನಿಂದ ಫೋನಿಗೆ ಹರಿಯಿತು. ತಳ್ಳುಗಾಡಿಯ ತರಕಾರಿಯವನನ್ನು ಹೆಸರು ಕೇಳಿ ವಾಪಸು ಕಳಿಸಿದ ಬೀದಿಗಳಿದ್ದವು. ಕೆಲವರ ತಪ್ಪಿಗೆ ಇಡೀ ಮುಸ್ಲಿಂ ಸಮುದಾಯವನ್ನು ದೂಷಿಸುವವರ ಮೇಲೆ ಕ್ರಮ ಕೈಗೊಳ್ಳುವುದಾಗಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅದೇ ತಿಂಗಳು ಎಚ್ಚರಿಸಿದರು. ತಮ್ಮ ಪಕ್ಷದ ಬೆಂಬಲಿಗರಲ್ಲೇ ಹಲವರಿಗೆ ಹಿಡಿಸದ ಮಾತು ಅದು. ಅವರು ಆಡಿದ್ದು ದೊಡ್ಡದು.

ಹಾಸನ ಜಿಲ್ಲೆಯಲ್ಲಿ ಮುಂದಿನ ತಿಂಗಳು ನಡೆದದ್ದು ಈ ಕಥೆಯ ಇನ್ನೊಂದು ಮಗ್ಗುಲು. ಮೇ ಎರಡನೇ ವಾರದವರೆಗೆ ಜಿಲ್ಲೆ ಹಸಿರು ವಲಯದಲ್ಲಿತ್ತು. ಮೊದಲ ಪ್ರಕರಣಗಳು ಕಂಡದ್ದು ಮುಂಬಯಿಯಿಂದ ಚನ್ನರಾಯಪಟ್ಟಣದ ಕಡೆಗೆ ಮರಳಿದವರಲ್ಲಿ. ಆ ತಾಲ್ಲೂಕಿನಿಂದಲೂ ಪಕ್ಕದ ಕೆ.ಆರ್. ಪೇಟೆಯಿಂದಲೂ ದುಡಿಮೆಗಾಗಿ ಮುಂಬಯಿ ಸೇರಿದ ಕುಟುಂಬಗಳು ಬಹಳ. ರಾಜ್ಯದ ದಿನವಹಿ ಪ್ರಕಟಣೆಯಲ್ಲಿ ಪ್ರತಿ ರೋಗಿಗೂ ಒಂದು ಸಂಖ್ಯೆ, ಅದರ ಮುಂದೆ ಪ್ರಯಾಣದ ವಿವರ. ಸಾಲು ಸಾಲಾಗಿ ಮುಂಬಯಿ, ಮುಂಬಯಿ. ಹಬ್ಬಕ್ಕೆ ಬಂದಾಗ ಬಾಯಿತುಂಬ ಮಾತಾಡಿಸಿಕೊಳ್ಳುತ್ತಿದ್ದ ಮನೆಮಕ್ಕಳು ಈಗ ‘ಮುಂಬಯಿಯವರು’ ಆದರು. ಶಾಲೆ, ಹಾಸ್ಟೆಲುಗಳಲ್ಲಿ ಅವರನ್ನು ಇರಿಸಲು ಹೊರಟಾಗ ನಮ್ಮೂರಿನ ಹತ್ತಿರ ಬೇಡ ಎಂಬ ಮಾತು ರಾಜ್ಯದ ಹಲವೆಡೆ ಕೇಳಿತು. ಮೇ 18ರಂದು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ರಾಜ್ಯವೇ ಬಾಗಿಲು ಹಾಕಿತು. ಏಪ್ರಿಲ್‌ನಲ್ಲಿ ಪರಧರ್ಮದವರಿಗೆ ಒಡ್ಡಿದ ಚೌಕಟ್ಟನ್ನೇ ಮೇನಲ್ಲಿ ಒಡಹುಟ್ಟಿದವರಿಗೂ ಒಡ್ಡಲಾಯಿತು. ಸೋಂಕು ಹೇಗೆ ಹರಡುತ್ತದೆ ಎಂದು ಹೇಳುವ ಬದಲು ಯಾರಿಂದ ಹರಡುತ್ತದೆ ಎಂದು ಹೇಳತೊಡಗಿದರೆ, ಆ ‘ಯಾರು’ ಎಂಬ ಜಾಗದಲ್ಲಿ ಯಾರನ್ನು ಬೇಕಾದರೂ ಕೂರಿಸಬಹುದು.

2021ರ ಜನವರಿ 16ರಂದು ಲಸಿಕೆ ಆರಂಭವಾದ ಮೇಲೆ ಪ್ರಶ್ನೆ ಬೇರೆ ರೂಪ ತಾಳಿತು. ಹಳ್ಳಿಯ ಜನ, ಕೂಲಿಕಾರರು, ಆದಿವಾಸಿಗಳು ಹಿಂಜರಿಯುತ್ತಿದ್ದಾರೆ ಎಂಬುದು ವರದಿಗಳ ಸಾಮಾನ್ಯ ಧಾಟಿ. ಹಿಂಜರಿಕೆ ಇದ್ದದ್ದು ನಿಜ. ಆದರೆ 18ರಿಂದ 44ರ ವಯಸ್ಸಿನವರು ಮೊದಮೊದಲು ಕೋವಿನ್ ತಾಣದಲ್ಲಿ ಹೆಸರು ನೋಂದಾಯಿಸಲೇಬೇಕಿತ್ತು. ಅದಕ್ಕೆ ಸ್ಮಾರ್ಟ್‌ಫೋನ್, ನೆಟ್‌ವರ್ಕ್, ಇಂಗ್ಲಿಷ್ ಓದು, ಸ್ಲಾಟ್ ತೆರೆದ ಕ್ಷಣದಲ್ಲಿ ಚುರುಕು ಬೆರಳು, ಎಲ್ಲವೂ ಬೇಕು. ಲಸಿಕೆಯೇ ಸಾಲದೆ ಮೇ 14ರಿಂದ ರಾಜ್ಯದ ಸರ್ಕಾರಿ ಕೇಂದ್ರಗಳಲ್ಲಿ ಈ ವಯಸ್ಸಿನವರಿಗೆ ಕೊಡುವುದನ್ನೇ ನಿಲ್ಲಿಸಲಾಯಿತು. ಡಿಜಿಟಲ್ ಅಸಮಾನತೆ ಬಡವರನ್ನು ಹೊರಗಿಡುತ್ತದೆ ಎಂದು ಸುಪ್ರೀಂ ಕೋರ್ಟ್ ಅದೇ ತಿಂಗಳ ಕೊನೆಯಲ್ಲಿ ಹೇಳಿತು. ಅರಕಲಗೂಡು, ಹೊಳೆನರಸೀಪುರಗಳ ಹೊಲಗೆಲಸದವರಿಗೆ ಇನ್ನೂ ಒಂದು ಲೆಕ್ಕವಿತ್ತು: ಸೂಜಿ ಚುಚ್ಚಿದ ಮೇಲೆ ಎರಡು ದಿನ ಜ್ವರ ಎಂದರೆ ಎರಡು ದಿನದ ಕೂಲಿ. ಇದನ್ನು ಮೌಢ್ಯದ ಚೌಕಟ್ಟಿನಲ್ಲಿ ಇಟ್ಟರೆ ಭಾಷಣ ಸಾಕೆನಿಸುತ್ತದೆ. ಕೂಲಿಯ ಚೌಕಟ್ಟಿನಲ್ಲಿ ಇಟ್ಟರೆ ಸರ್ಕಾರ ಕೈಯಿಂದ ಏನಾದರೂ ಬಿಚ್ಚಬೇಕಾಗುತ್ತದೆ. ಮೊದಲನೆಯದು ಅಷ್ಟು ಜನಪ್ರಿಯವಾಗಿದ್ದಕ್ಕೆ ಇದೂ ಒಂದು ಕಾರಣ.

ಬಲವಂತದ ಮಾತು ಬಂದದ್ದು ಇದರ ಮುಂದುವರಿಕೆಯಾಗಿ. 2021ರ ಸೆಪ್ಟೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲಾಡಳಿತ, ಲಸಿಕೆ ಇಲ್ಲದವರಿಗೆ ರೇಷನ್ ಇಲ್ಲ, ಪಿಂಚಣಿ ಇಲ್ಲ ಎಂಬ ಅಭಿಯಾನಕ್ಕೆ ಇಳಿಯಿತು. ಡಿಸೆಂಬರ್ 2ರಂದು ದೇಶದ ಮೊದಲ ಓಮೈಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದ ಬೆನ್ನಿಗೆ, ಮಾಲ್ ಮತ್ತು ಚಿತ್ರಮಂದಿರಗಳ ಪ್ರವೇಶಕ್ಕೆ ಎರಡು ಡೋಸ್ ಕಡ್ಡಾಯವೆಂದು ರಾಜ್ಯ ಆದೇಶಿಸಿತು. ಇವೆರಡೂ ಕಡ್ಡಾಯವೇ, ಆದರೆ ಒಂದೇ ತೂಕದವಲ್ಲ. ಸಿನಿಮಾ ತಪ್ಪಿದವನು ಮನೆಗೆ ಹೋಗುತ್ತಾನೆ. ಅಕ್ಕಿ ತಪ್ಪಿದ ಮುದುಕಿಗೆ ಹೋಗಲು ಬೇರೆ ಅಂಗಡಿ ಇಲ್ಲ. ರೇಷನ್ನಿಗೆ ಲಸಿಕೆಯನ್ನು ಗಂಟುಹಾಕಿದರೆ ನಿಯಮ ಎಲ್ಲರಿಗೂ ಒಂದೇ ಎಂದು ಕಾಣುತ್ತದೆ, ಕಚ್ಚುವುದು ಮಾತ್ರ ರೇಷನ್ ಇಲ್ಲದೆ ಬದುಕಲಾರದವರನ್ನು. ಲಸಿಕೆ ಬೇಡವೆನ್ನುವ ಸಿರಿವಂತನಿಗೆ ಅದು ತಾಗುವುದೇ ಇಲ್ಲ.

ಹಾಗೆಂದು ಲಸಿಕೆಯ ಯಾವ ನಿರ್ಬಂಧವೂ ತಾರತಮ್ಯ ಎನ್ನುವುದು ಇನ್ನೊಂದು ದುರ್ನಯ. ಚರ್ಮದ ಬಣ್ಣಕ್ಕೋ ಹುಟ್ಟಿದ ಜಾತಿಗೋ ಹಾಕುವ ನಿರ್ಬಂಧವನ್ನು, ಬದಲಿಸಿಕೊಳ್ಳಬಹುದಾದ ಒಂದು ನಡವಳಿಕೆಗೆ ಹಾಕುವ ನಿರ್ಬಂಧದೊಂದಿಗೆ ಸಮೀಕರಿಸಿದರೆ, ನಿಜವಾದ ಅಸ್ಪೃಶ್ಯತೆ ಉಂಡವರ ನೋವು ಅಗ್ಗವಾಗುತ್ತದೆ. ಸಿಡುಬು ಲೋಕದಿಂದಲೇ ಹೋಯಿತೆಂದು 1980ರಲ್ಲಿ ಘೋಷಣೆಯಾದದ್ದು, ಭಾರತ 2014ರ ಮಾರ್ಚ್‌ನಲ್ಲಿ ಪೋಲಿಯೊಮುಕ್ತವೆಂದು ದೃಢಪಟ್ಟದ್ದು, ಸಮೂಹದ ಹಿತವನ್ನು ಹಿಡಿದ ದೃಷ್ಟಿಯಿಂದಲೇ. ಬಿಡಿ ಮನುಷ್ಯನ ಇಷ್ಟವೊಂದೇ ಅಳತೆಯಾಗಿದ್ದರೆ ಅದು ಆಗುತ್ತಿರಲಿಲ್ಲ.

2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡೂ ಮುಖಗಳನ್ನು ಕೈಬಿಡದೆ ತೀರ್ಪು ಕೊಟ್ಟಿತು. ದೇಹದ ಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ. ಯಾರಿಗೂ ಬಲವಂತದಿಂದ ಲಸಿಕೆ ಚುಚ್ಚುವಂತಿಲ್ಲ. ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹಾಕಬಹುದು, ಆದರೆ ಅದು ಕಾನೂನಿನ ಆಧಾರ, ನ್ಯಾಯವಾದ ಅಗತ್ಯ, ಅಗತ್ಯಕ್ಕೆ ತಕ್ಕ ಪ್ರಮಾಣ ಎಂಬ ಮೂರು ಪರೀಕ್ಷೆಗಳಲ್ಲಿ ಗೆಲ್ಲಬೇಕು. ಈ ಪರೀಕ್ಷೆಗಳನ್ನು ನೆಲೆಗೊಳಿಸಿದ್ದು 2017ರ ಖಾಸಗಿತನದ ತೀರ್ಪು. ಅದಕ್ಕೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಲಸಿಕೆ ಪಡೆಯದವರು ಪಡೆದವರಿಗಿಂತ ಹೆಚ್ಚು ಸೋಂಕು ಹರಡುತ್ತಾರೆಂದು ತೋರಿಸುವ ಮಾಹಿತಿಯನ್ನು ಯಾವ ಸರ್ಕಾರವೂ ಮುಂದಿಟ್ಟಿಲ್ಲ, ಆದ್ದರಿಂದ ಅಂದಿನ ಸ್ಥಿತಿಯಲ್ಲಿ ಆ ನಿರ್ಬಂಧಗಳು ಪ್ರಮಾಣಬದ್ಧವಲ್ಲ ಎಂದಿತು ಪೀಠ. ಲಸಿಕಾ ನೀತಿ ತಪ್ಪೆಂದು ಅದು ಹೇಳಲಿಲ್ಲ, ಮಕ್ಕಳಿಗೆ ಲಸಿಕೆ ಕೊಡುವುದನ್ನು ತಡೆಯಲೂ ಇಲ್ಲ. ತೀರ್ಪಿನ ಒಂದೊಂದು ಸಾಲನ್ನಷ್ಟೇ ಹಿಡಿದು ಎರಡೂ ಪಕ್ಷದವರು ಗೆದ್ದೆವೆಂದು ಸಾರಿಕೊಂಡರು.

ಚೌಕಟ್ಟಿನ ಪ್ರಶ್ನೆ ನಿಜವಾಗಿ ಬಗೆಹರಿಯಬೇಕಾದ ಜಾಗ ನ್ಯಾಯಾಲಯವಲ್ಲ. ಹಾಸನದ ಅಂಚಿನ ಬೂವನಹಳ್ಳಿಯಂಥ ಊರುಗಳಲ್ಲಿ ಲಸಿಕೆಯ ಮಾತು ಜನರಿಗೆ ಮುಟ್ಟುವುದು ಅಂಗನವಾಡಿಯಲ್ಲಿ, ಗುರುವಾರದ ಲಸಿಕೆಯ ದಿನ, ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಸಹಾಯಕಿಯ ಬಾಯಿಂದ. ಚುಚ್ಚಿದ ಮೇಲೆ ತಾಯಿಗೆ ನಾಲ್ಕು ಮಾತು ಹೇಳಬೇಕೆಂದು ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ನಿಯಮ ಮಾಡಿದೆ: ಯಾವ ಲಸಿಕೆ, ಯಾವ ರೋಗಕ್ಕೆ; ಏನು ತೊಂದರೆ ಆಗಬಹುದು, ಹಾಗಾದರೆ ಏನು ಮಾಡಬೇಕು; ಮುಂದೆ ಯಾವಾಗ ಬರಬೇಕು; ‘ತಾಯಿ ಕಾರ್ಡ್’ಅನ್ನು ಜೋಪಾನವಾಗಿಟ್ಟು ತರಬೇಕು. ಎರಡನೆಯ ಮಾತು ಎಲ್ಲಕ್ಕಿಂತ ಮುಖ್ಯ. ಇಂದು ರಾತ್ರಿ ಮಗುವಿಗೆ ಜ್ವರ ಬರಬಹುದು, ತೊಡೆ ಊದಬಹುದು ಎಂದು ಮೊದಲೇ ಹೇಳಿಸಿಕೊಂಡ ತಾಯಿ ಮರುದಿನ ಮೋಸಹೋದೆನೆಂದು ಅಂದುಕೊಳ್ಳುವುದಿಲ್ಲ. ನೆರೆಮನೆಯ ವಾಟ್ಸಾಪ್ ಸಂದೇಶಕ್ಕೆ ಅವಳಲ್ಲೇ ಉತ್ತರ ಇರುತ್ತದೆ. ಸಾಲು ಉದ್ದವಿರುವ ದಿನ ಮೊದಲು ಬಿಟ್ಟುಹೋಗುವುದೂ ಅದೇ ಮಾತು. ಗುರಿ ಮುಟ್ಟಿದ ಶೇಕಡಾವಾರು ಲೆಕ್ಕದ ಜೊತೆಗೆ ಆ ನಾಲ್ಕು ಮಾತಿಗೆ ಬೇಕಾದ ಬಿಡುವನ್ನೂ ಆ ಹೆಣ್ಣುಮಕ್ಕಳಿಗೆ ಕೊಡುವುದು ಆರೋಗ್ಯ ಇಲಾಖೆಯ ಕರ್ತವ್ಯ, ಮತ್ತು ಅದನ್ನು ಈಗಲೇ ಮಾಡಬೇಕು.